ಗಣಿಯೊಳಗಿನ ಕೋಳಿ

ಫೆಬ್ರವರಿ 3, ಸೋಮವಾರ

ಕಿವಿಯಲ್ಲಿ ಇನ್ನೂ ಡ್ರಮ್ಮು ಬಡಿಯುತ್ತಿದೆ. ಹೆಡ್‌ಫೋನ್ ಬಿಚ್ಚಿಟ್ಟು ಎಷ್ಟೋ ಹೊತ್ತಾಯಿತು. ರೂಮಿನಲ್ಲಿ ಜೊತೆಗಿರುವ ಇಬ್ಬರೂ ಮಲಗಿದ್ದಾರೆ, ಅದಕ್ಕೇ ತಾರಸಿಗೆ ಬಂದು ದಿನಚರಿಯನ್ನು ಫೋನಿಗೆ ಹೇಳುತ್ತಿದ್ದೇನೆ. ಬರೆಯುವ ತಾಳ್ಮೆ ನನಗಿಲ್ಲ. ದಿನವೆಲ್ಲ ಕೀಬೋರ್ಡು ಕುಟ್ಟಿದ ಬೆರಳು ರಾತ್ರಿ ಪೆನ್ನು ಹಿಡಿ ಅಂದರೆ ಕೇಳುವುದಿಲ್ಲ.

ಇವತ್ತು ಕೊಟ್ಟ ಕೆಲಸ, ಜರ್ಮನಿಯ ಒಂದು ಮೆಟಲ್ ಆಲ್ಬಮ್. ಬ್ಯಾಂಡಿನ ಹೆಸರು ಗ್ರೌಶಾಖ್ಟ್. ಆಲ್ಬಮ್ಮಿನ ಹೆಸರು ಡ್ರಿಟೆ ಸೋಲೆ. ಗಣಿಯ ಮೂರನೇ ಅಂತಸ್ತು ಅಂತ ಅರ್ಥವಂತೆ. ಹಾಡು ಅಂದರೆ ಹಾಡಲ್ಲ, ಕ್ರಷರಿಗೆ ಕಲ್ಲು ಸುರಿದ ಹಾಗೆ. ಮೂವತ್ತು ವರ್ಷದ ಹಿಂದಿನದು, ನಾನು ಹುಟ್ಟುವುದಕ್ಕೂ ಮೊದಲಿನದು.

ಹಾಡಿನ ಆ್ಯಪ್ ನಡೆಸುವವರು ಇಂಥ ಆಲ್ಬಮ್‌ಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಇರುವುದನ್ನೆಲ್ಲ ಗುಡ್ಡೆ ಹಾಕಿ ನಮ್ಮ ಆಫೀಸಿಗೆ ಕಳಿಸುತ್ತಾರೆ. ನಾವು ಒಂದೊಂದು ವಾಕ್ಯವನ್ನೂ ಮೂರು ವೆಬ್‌ಸೈಟಿನಲ್ಲಿ ಹುಡುಕಿ ನೋಡಬೇಕು. ಮೂರರಲ್ಲೂ ಅದೇ ಇದ್ದರೆ 'ಸರಿ' ಒತ್ತುವುದು. ಬೇರೆ ಇದ್ದರೆ 'ತಪ್ಪು'. 'ಗೊತ್ತಿಲ್ಲ' ಅಂತಲೂ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ನಮ್ಮ ಲೀಡರ್ ಅಂಜುಮ್ ಮೇಡಂ ಕುರ್ಚಿ ಎಳೆದುಕೊಂಡು ಬಂದು ಪಕ್ಕಕ್ಕೇ ಕೂರುತ್ತಾರೆ.

"ಗೊತ್ತಿಲ್ಲ ಅನ್ನಾಕೆ ನಿಂಗೆ ಸಂಬಳ ಯಾಕೆ ತಿಪ್ಪೇಶ? ಅದನ್ನ ನಮ್ಮ ಅಜ್ಜೀನೂ ಹೇಳ್ತಾಳೆ, ಪುಕ್ಸಟ್ಟೆ."

ನಾನು 'ಗೊತ್ತಿಲ್ಲ' ಒತ್ತುವುದು ಬಿಟ್ಟು ಎಷ್ಟೋ ದಿನವಾಯಿತು. ಮೂರು ನೋಡು, ಒತ್ತು, ಮುಂದೆ ಹೋಗು. ಈ ತಿಂಗಳು ಮುಗಿಸಿ ಹೊಸಪೇಟೆಗೆ ಹೋಗುತ್ತೇನೆ. ಅಲ್ಲೊಬ್ಬ ಗೆಳೆಯ ಗೋಡೌನಿನಲ್ಲಿ ಕೆಲಸ ಇದೆ ಅಂದಿದ್ದಾನೆ. ನಮ್ಮೂರು ಬಿ.ದುರ್ಗ ಬಿಟ್ಟ ಮೇಲೆ ಹೊಸದುರ್ಗದಲ್ಲಿ ಬಟ್ಟೆ ಅಂಗಡಿ, ತುಮಕೂರಿನಲ್ಲಿ ಪಾರ್ಸೆಲ್ ಹಂಚುವುದು, ದಾವಣಗೆರೆಯಲ್ಲಿ ಪೆಟ್ರೋಲ್ ಬಂಕು. ಎಲ್ಲೂ ವರ್ಷ ತುಂಬಲಿಲ್ಲ. ಚಿತ್ರದುರ್ಗವೂ ಸಾಕಾಯಿತು.

ಫೆಬ್ರವರಿ 5, ಬುಧವಾರ

ಅವ್ವ ಫೋನ್ ಮಾಡಿದ್ದಳು. ನನ್ನ ತಂಗಿ ಮಮತಾಳನ್ನು ನೋಡಿಹೋದ ಹುಡುಗನ ಕಡೆಯವರು ಒಪ್ಪಿದ್ದಾರಂತೆ. ಹೆಸರು ಜಯಕುಮಾರ್, ಊರು ಹಿರಿಯೂರು ತಾಲ್ಲೂಕಿನ ಆದಿವಾಲ, ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ.

"ಭಾನುವಾರ ಹೋಗಿ ವಿಚಾರಿಸ್ಕಂಡು ಬಾ. ಮನೇಲಿ ಗಂಡಸು ಅಂತ ನೀನೊಬ್ಬನೇ ಇರೋದು."

"ನಂಗೆ ಭಾನುವಾರ ಒಂದೇ ದಿನ ನಿದ್ದೆ ಕಣವ್ವ."

"ತಂಗಿ ಮದ್ವೆ ಆದ್ಮೇಲೆ ಮಲಗು, ಯಾರ್ ಬ್ಯಾಡ ಅಂತಾರೆ."

ಮಮತಾ ಫೋನ್ ಕಿತ್ತುಕೊಂಡಳು. ಹುಡುಗ ನೋಡಲು ಬಂದಾಗ ಅವಳ ಹೊಲಿಗೆ ಯಂತ್ರದ ಮೋಟಾರು ತಿರುಗಿಸಿ ನೋಡಿ, ಬೆಲ್ಟ್ ಸಡಿಲ ಆಗಿದೆ ಅಂದನಂತೆ. ಮದುವೆ ಆದ ಮೇಲೂ ಹೊಲಿತೀರಾ ಅಂತ ಕೇಳಿದನಂತೆ. ಇಷ್ಟು ಹೇಳುವುದಕ್ಕೆ ಅವಳು ಮೂರು ಸಲ ಕೆಮ್ಮಿದಳು.

"ಅಣ್ಣ, ಸರಿಯಾಗಿ ನೋಡ್ಕಂಡು ಬಾ. ನಂಗೆ ಅವ್ರು ಹಿಡಿಸ್ಯಾರೆ."

ಇಷ್ಟು ನೇರವಾಗಿ ಅವಳು ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ.

ಫೆಬ್ರವರಿ 9, ಭಾನುವಾರ

ಹೋಗಿಬಂದೆ. ಹಿರಿಯೂರಿನ ತನಕ ಬಸ್ಸಿನಲ್ಲಿ ನಿಂತೇ ಹೋದೆ, ಅಲ್ಲಿಂದ ಆಟೋ. ಹುಡುಗನ ಅಂಗಡಿ ರಸ್ತೆಯಲ್ಲೇ ಇತ್ತು, ಅಲ್ಲಿಗೆ ಹೋಗಲಿಲ್ಲ. ವಿಚಾರಿಸುವುದು ಅಂದರೆ ಸುತ್ತಮುತ್ತ ಕೇಳುವುದು. ಯಾರ ವಿಷಯವೋ ಅವರನ್ನು ಬಿಟ್ಟು ಬೇರೆ ಎಲ್ಲರನ್ನೂ ಕೇಳಬೇಕು. ನಮ್ಮ ಕಡೆ ಇದೇ ರೂಢಿ.

ಮೊದಲು ಶಾಂತಕ್ಕನ ಹೋಟೆಲು. ಇಡ್ಲಿ ತಟ್ಟೆ ಕೈಗೆ ಕೊಡುವಾಗಲೇ ಅವರಿಗೆ ಗೊತ್ತಾಗಿಹೋಯಿತು.

"ಹೆಣ್ಣು ಕೊಡಾಕೆ ಬಂದೀಯೇನಪ್ಪ? ಯಾವ ಕಡೇರು?"

"ಹೊಳಲ್ಕೆರೆ ಕಡೆ. ಜಯಕುಮಾರ್ ಹೆಂಗೆ ಅಕ್ಕ?"

"ಒಳ್ಳೆ ಹುಡ್ಗ. ಕುಡಿಯಲ್ಲ, ಸೇದಲ್ಲ. ಆದ್ರೆ ಮೂರ್ಛೆ ರೋಗ ಐತೆ ಕಣಪ್ಪ. ಕರೆಂಟಿನ ಕೆಲಸ ಬೇರೆ. ನೀನು ಇಡ್ಲಿ ತಿಂದಾದ್ಮೇಲೆ ಕೇಳಬೇಕಿತ್ತು, ಈಗ ಗಂಟಲಾಗೆ ಇಳಿಯಲ್ಲ."

ಇಡ್ಲಿ ತಟ್ಟೆಯಲ್ಲೇ ಬಿಟ್ಟು ಎದ್ದೆ. ಹಾಲಿನ ಡೇರಿಯ ಕಟ್ಟೆ ಮೇಲೆ ಕೂತಿದ್ದ ಅಜ್ಜನೂ ಅದನ್ನೇ ಹೇಳಿತು. ಬಿದ್ದಾಗ ಕೈಗೆ ಕಬ್ಬಿಣ ಕೊಡಬೇಕು ಅಂತ ಉಪಾಯವನ್ನೂ ಹೇಳಿಕೊಟ್ಟಿತು. ಮೂರನೆಯವರು ಹುಡುಗನ ಅಂಗಡಿಯ ಪಕ್ಕದಲ್ಲೇ ವೆಲ್ಡಿಂಗ್ ಮಾಡುವ ಉಸ್ಮಾನ್ ಸಾಬ್. ಕಪ್ಪು ಕನ್ನಡಕ ಹಣೆಗೇರಿಸಿ ನನ್ನ ಮುಖವನ್ನೇ ನೋಡಿದರು.

"ಕೆಲಸ ಹೆಂಗೆ ಅಂತ ಕೇಳು, ಹೇಳ್ತೀನಿ. ಗುಣ ಕೇಳು, ಹೇಳ್ತೀನಿ. ಅದೊಂದು ನನ್ನ ಕೇಳಬೇಡಪ್ಪ."

ಇನ್ನೇನು ಬೇಕು? ಅಷ್ಟು ಆಪ್ತರು ಬಾಯಿ ಮುಚ್ಚಿಕೊಂಡರೆ ಅದೇ ಮೂರನೇ ಸಾಕ್ಷಿ. ಹಿರಿಯೂರು ಬಸ್‌ಸ್ಟ್ಯಾಂಡಿನಿಂದಲೇ ಅವ್ವನಿಗೆ ಬೇಡ ಅಂದುಬಿಟ್ಟೆ. ಅವ್ವ ಅಳುವ ಮೊದಲೇ ಮಮತಾ ಫೋನ್ ತೆಗೆದುಕೊಂಡಳು.

"ಅವ್ರನ್ನ ನೋಡಿದ್ಯಾ?"

"ಇಲ್ಲ. ಮೂರು ಜನ ಒಂದೇ ಮಾತು ಹೇಳಿದ್ರು."

"ಆಯ್ತು ಬಿಡು."

ಕಾಲು ನೋಯುತ್ತಿದೆ. ಕೆಲಸವಂತೂ ಮುಗಿಯಿತು.

ಫೆಬ್ರವರಿ 10, ಸೋಮವಾರ

"ಈ ಆಲ್ಬಮ್ಮನ್ನು ಪಾಳುಬಿದ್ದ ಗಣಿಯ ತಳದಲ್ಲಿ ಮೂರು ರಾತ್ರಿ ಕೂತು ರೆಕಾರ್ಡ್ ಮಾಡಲಾಯಿತು." ಮೂರು ವೆಬ್‌ಸೈಟಿನಲ್ಲೂ ಇದೆ. ಸರಿ.

ಮುಂದೆ.

ಫೆಬ್ರವರಿ 13, ಗುರುವಾರ

ಇವತ್ತು ಒಂದು ತಮಾಷೆ ಆಯಿತು. ತಮಾಷೆ ಅಂತಲೂ ಹೇಳುವ ಹಾಗಿಲ್ಲ.

ಆಲ್ಬಮ್ಮಿನಲ್ಲಿ ಏಳು ಹಾಡು ಅಂತ ಮೂರೂ ಕಡೆ ಬರೆದಿದ್ದಾರೆ. ಒತ್ತುವುದಕ್ಕೆ ಹೋದವನು ಹಳೇ ಕ್ಯಾಸೆಟ್ಟಿನ ಹಿಂಬದಿಯ ಫೋಟೋ ನೋಡಿದೆ. ಅಲ್ಲಿ ಎಂಟು ಹೆಸರಿವೆ. ಕೊನೆಯದೊಂದನ್ನು ಮೂರೂ ಜನ ಒಟ್ಟಿಗೇ ಮರೆತಿದ್ದಾರೆ! ಒಬ್ಬ ಮರೆಯಬಹುದು, ಮೂರು ದೇಶದಲ್ಲಿ ಕೂತ ಮೂರು ಜನ ಅದೇ ಹಾಡನ್ನು ಹೇಗೆ ಮರೆಯುತ್ತಾರೆ? ಒಬ್ಬ ಬರೆದದ್ದನ್ನು ಇನ್ನಿಬ್ಬರು ಎತ್ತಿ ಹಾಕಿಕೊಂಡಿದ್ದಾರೆ, ಅಷ್ಟೆ. ಪರೀಕ್ಷೆಯಲ್ಲಿ ಮುಂದಿನ ಬೆಂಚಿನವನದನ್ನು ನಾವೂ ಹೀಗೇ ಇಳಿಸುತ್ತಿದ್ದೆವು, ಅವನ ತಪ್ಪಿನ ಸಮೇತ.

ಆ ಎಂಟನೇ ಹಾಡು ಆ್ಯಪ್‌ನಲ್ಲೇ ಇತ್ತು. ಹಾಕಿಕೊಂಡೆ. ಶುರುವಿನಲ್ಲಿ ಗಿಟಾರು ಸಣ್ಣಗೆ, ಒಂಟಿಯಾಗಿ ಬರುತ್ತದೆ. ಅದರ ಹಿಂದೆ ಏನೋ ಕೇಳಿಸಿತು. ವಾಲ್ಯೂಮ್ ಪೂರ್ತಿ ಏರಿಸಿದೆ. ಕೋಳಿ! ಸುಮ್ಮನೆ ಕೂಗುವ ಕೂಗಲ್ಲ, ಮೊಟ್ಟೆ ಇಟ್ಟು ಹೊರಗೆ ಬಂದು ಊರಿಗೆಲ್ಲ ಸಾರುವ ಕೂಗು. ಆ ಕೂಗು ಕೇಳಿದ ತಕ್ಷಣ ಬುಟ್ಟಿಗೆ ಕೈ ಹಾಕುವುದಕ್ಕೆ ನಾನೂ ಮಮತಾಳೂ ಓಡುತ್ತಿದ್ದೆವು. ಗಣಿಯ ತಳದಲ್ಲಿ, ರಾತ್ರಿ, ಯಾವ ಕೋಳಿ ಮೊಟ್ಟೆ ಇಡುತ್ತದೆ?

ಅಂಜುಮ್ ಮೇಡಂಗೆ ಹೇಳಿದೆ.

"ಕೋಳಿ?"

"ಹೂಂ ಮೇಡಂ."

"ಅರೆ, ಊಟಕ್ಕೆ ಹೋಗಿಲ್ವಾ ನೀನು? ಹೋಗು, ಹೊಟ್ಟೆ ಹಸಿದ್ರೆ ನಂಗೂ ಕೋಳಿನೇ ಕೇಳ್ಸೋದು."

ಇಡೀ ಆಫೀಸು ನಕ್ಕಿತು. ಊಟಕ್ಕೆ ಹೋದೆ. ಆದರೆ ಹೋಗುವ ಮೊದಲು ಆ ಬ್ಯಾಂಡಿನ ಹಳೇ ಪೇಜು ಹುಡುಕಿ, ಡ್ರಮ್ ಬಾರಿಸುತ್ತಿದ್ದ ಹೋಲ್ಗರ್ ಅನ್ನುವವರಿಗೆ ಒಂದು ಮೆಸೇಜು ಹಾಕಿದೆ. ಫೋನೇ ಜರ್ಮನಿಗೆ ತಿರುಗಿಸಿಕೊಟ್ಟಿತು. ಯಾಕೆ ಹಾಕಿದೆನೋ. ಕೇಳಿ ಏನಾಗಬೇಕಿದೆ?

ಫೆಬ್ರವರಿ 16, ಭಾನುವಾರ

ಊರಿಗೆ ಹೋಗಲಿಲ್ಲ. ಹೋದರೆ ಮಮತಾಳ ಮುಖ ನೋಡಬೇಕು. ರೂಮಿನಲ್ಲೇ ಬಿದ್ದುಕೊಂಡು ಜೋಗಿಮಟ್ಟಿ ಬೆಟ್ಟದ ಕಡೆ ಮೋಡ ಬರುವುದು ಹೋಗುವುದು ನೋಡಿದೆ. ಸಂಜೆ ಅವಳೇ ಫೋನ್ ಮಾಡಿದಳು. ಏನೂ ಮಾತು ಸಿಗದೆ ಕೋಳಿ ಕಥೆ ಹೇಳಿದೆ. ಬಹಳ ದಿನದ ಮೇಲೆ ನಕ್ಕಳು.

"ಮೂರು ಜನಾನೂ ಒಬ್ಬನ್ನ ನೋಡಿ ಬರೆದಿದ್ರಾ?"

"ಹೂಂ."

"ಮತ್ತೆ ಆದಿವಾಲದ ಮೂರು ಜನ ಯಾರನ್ನ ನೋಡಿ ಹೇಳಿದ್ರಂತೆ?"

ನನಗೆ ಸಿಟ್ಟು ಬಂತು. ಮನುಷ್ಯರ ಮಾತು ಬೇರೆ, ವೆಬ್‌ಸೈಟ್ ಬೇರೆ ಅಂದೆ.

"ಅವ್ರು ಬಿದ್ದಿದ್ದು ಆ ಮೂರು ಜನದಾಗೆ ಯಾರಾದ್ರೂ ಕಣ್ಣಾರೆ ನೋಡ್ಯಾರಾ? ಅಷ್ಟು ಕೇಳಿದ್ಯಾ ಅಣ್ಣ?"

ಕೇಳಿರಲಿಲ್ಲ. ಚಾರ್ಜ್ ಮುಗೀತು ಅಂತ ಫೋನ್ ಇಟ್ಟೆ. ಮುಗಿದಿರಲಿಲ್ಲ.

ಫೆಬ್ರವರಿ 18, ಮಂಗಳವಾರ

ಹೋಲ್ಗರ್ ಉತ್ತರ ಬರೆದಿದ್ದಾರೆ. ಗಣಿಯೂ ಇಲ್ಲ, ರಾತ್ರಿಯೂ ಇಲ್ಲವಂತೆ. ಅವರ ಚಿಕ್ಕಮ್ಮನ ತೋಟದ ಕೊಟ್ಟಿಗೆಯಲ್ಲಿ ಹಗಲು ಹೊತ್ತು ರೆಕಾರ್ಡ್ ಮಾಡಿದ್ದು. ಕ್ಯಾಸೆಟ್ ಮಾರುವವನು ಗಣಿ ಅಂತ ಅಚ್ಚು ಹಾಕಿಸಿದ. ಮೊದಲ ಸಂದರ್ಶನದಲ್ಲಿ ಯಾರೋ ಕೇಳಿದಾಗ ಇವರೂ ಹೌದು ಅಂದರು. ಆಮೇಲೆ ಅಲ್ಲ ಅನ್ನುವುದಕ್ಕೆ ಆಗಲಿಲ್ಲ. ಒಂದು ಸಲ ಅಲ್ಲ ಅಂದಾಗ, ಮುದುಕನಿಗೆ ಮರೆವು ಅಂತ ಬರೆದರಂತೆ. ಗಣಿಯ ಬಗ್ಗೆ ನೂರಾರು ಜನ ಕೇಳಿದ್ದಾರೆ, ಕೋಳಿಯ ಬಗ್ಗೆ ಕೇಳಿದ್ದು ನೀನೊಬ್ಬನೇ, ಚಿಕ್ಕಮ್ಮ ಇದ್ದಿದ್ದರೆ ಖುಷಿಪಡುತ್ತಿದ್ದಳು ಅಂತ ಕೊನೆಗೆ ಬರೆದಿದ್ದಾರೆ.

ಎರಡು ಸಲ ಓದಿದೆ. ಗಣಿ ಅನ್ನುವುದಕ್ಕೆ ನಾನು ಒತ್ತಿದ್ದ 'ಸರಿ' ಅಳಿಸಿ 'ತಪ್ಪು' ಒತ್ತಿದೆ.

ಫೆಬ್ರವರಿ 20, ಗುರುವಾರ

ವಾಪಸ್ ಬಂತು. ಮೂರು ಕಡೆ ಇರುವುದನ್ನು ತಪ್ಪು ಅಂದಿದ್ದಕ್ಕೆ ನನ್ನ ಮಾರ್ಕು ಇಳಿದಿದೆ. ಬಾರಿಸಿದವನೇ ಹೇಳಿದ್ದಾನೆ ಮೇಡಂ ಅಂದರೆ, "ಬಾರಿಸಿದವನ ಮಾತು ಲೆಕ್ಕಕ್ಕಿಲ್ಲ ಕಣೋ, ವೆಬ್‌ಸೈಟಿನಾಗೆ ಬರಬೇಕು" ಅಂದರು. ಮತ್ತೆ 'ತಪ್ಪು' ಒತ್ತಿದೆ. ತಲೆನೋವು. ಮಲಗುತ್ತೇನೆ.

ಫೆಬ್ರವರಿ 23, ಭಾನುವಾರ

ಮತ್ತೆ ಆದಿವಾಲ. ಹೋಗುವುದಿಲ್ಲ ಅಂದುಕೊಂಡೇ ಬಸ್ಸು ಹತ್ತಿದೆ. ಹೊಸಪೇಟೆಯವನು ದಾರಿಯಲ್ಲಿ ಫೋನ್ ಮಾಡಿದ, ಬಸ್ಸಿನ ಗಲಾಟೆಯಲ್ಲಿ ತೆಗೆಯಲಿಲ್ಲ.

ಶಾಂತಕ್ಕ ಗುರುತು ಹಿಡಿದರು. "ಬಾರಪ್ಪ, ಇಡ್ಲಿ ಕೊಡ್ಲಾ, ಈ ಸಲಾನೂ ಬಿಟ್ಟೋಗ್ತೀಯಾ?"

"ಅಕ್ಕ, ಅವ್ರಿಗೆ ಮೂರ್ಛೆ ಬಂದಿದ್ದು ನೀವು ನೋಡೀರಾ?"

"ನಾನೆಲ್ಲಿ ನೋಡ್ಲಿ? ಡೇರಿ ಅಜ್ಜ ಹೇಳ್ತು."

ಅಜ್ಜನನ್ನು ಕೇಳಿದೆ. ಅಜ್ಜನಿಗೆ ಬೇಜಾರಾಯಿತು. "ಉಸ್ಮಾನ್ ಸಾಬ್ರು ಹೇಳಿದ್ದಪ್ಪ. ಪಕ್ಕದ ಅಂಗಡಿಯೋರು ಸುಳ್ಳು ಹೇಳ್ತಾರಾ?"

ಉಸ್ಮಾನ್ ಸಾಬರ ಮುಂದೆ ನಿಂತು ಅದೇ ಪ್ರಶ್ನೆ ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಗೋಡೆಯ ಆಚೆ ಕೂಗಿದರು.

"ಲೇ ಜಯಾ, ಬಾ ಇಲ್ಲಿ. ನಿನ್ನ ಮೂರ್ಛೆ ವಿಚಾರಿಸಾಕೆ ಮತ್ತೆ ಬಂದಾರೆ. ಇನ್ನ ನನ್ ಕೈಲಿ ಆಗಲ್ಲ."

ಕೈಗೆಲ್ಲ ವಾರ್ನಿಷ್ ಮೆತ್ತಿಕೊಂಡು ಬಂದ. ನನ್ನ ವಯಸ್ಸಿನವನೇ. ಮಮತಾಳ ಅಣ್ಣ ಅಂದ ತಕ್ಷಣ ಕೈ ಪ್ಯಾಂಟಿಗೆ ಒರೆಸಿಕೊಂಡ.

"ಕುಂತ್ಕಳ್ರಿ," ಅಂದ. ಅವನು ಕೂರಲಿಲ್ಲ.

ಅವನ ತಾಯಿಯ ತಮ್ಮ, ಅಂದರೆ ಸೋದರಮಾವ, ಮಗಳು ಸುಪ್ರಿಯಾಳನ್ನು ಇವನಿಗೇ ಕೊಡಬೇಕು ಅಂತ ಪಟ್ಟು ಹಿಡಿದಿದ್ದನಂತೆ. ಅವಳಿಗೆ ನರ್ಸಿಂಗ್ ಓದುವ ಆಸೆ.

"ಭಾವ, ನೀನೇ ಬ್ಯಾಡ ಅಂದುಬಿಡು ಅಂತ ಅತ್ಲು ಕಣ್ರಿ. ಮಾವನ ಮಗಳನ್ನ ಬ್ಯಾಡ ಅಂದ್ರೆ ನಮ್ಮವ್ವ ತವರಿಗೆ ಕಾಲಿಡಾಕಾಗುತ್ತಾ? ರೋಗ ಐತೆ ಅಂದ್ರೆ ಯಾರಿಗೂ ಸಿಟ್ಟು ಬರಲ್ಲ, ಪಾಪ ಅಂತಾರೆ. ಅಂಗಡಿ ಹೆಂಗೆ ನಡೀತೈತೆ ಅಂತ ಮಾವ ವಿಚಾರಿಸಾಕೆ ಜನ ಕಳಿಸ್ದಾಗ ಹಂಗೆ ಹೇಳ್ರಿ ಅಂತ ಸಾಬ್ರಿಗೆ ನಾನೇ ಹೇಳ್ಕೊಟ್ಟೆ."

"ಒಂದೇ ಸಲ ಹೇಳಿದ್ದು, ಅಲ್ಲಾನ ಆಣೆ," ಅಂದರು ಉಸ್ಮಾನ್ ಸಾಬ್. "ಆವಾಗ ಆ ಡೇರಿ ಅಜ್ಜ ಇಲ್ಲೇ ಗೇಟು ರಿಪೇರಿಗೆ ಬಂದಿತ್ತು."

ಮಾವ ಜಾತಕ ಕೂಡಲಿಲ್ಲ ಅಂತ ಹೇಳಿ ಸುಮ್ಮನಾದ. ಸುಪ್ರಿಯಾ ಓದಿದಳು. ಆಮೇಲೆ ಇವನಿಗೆ ಬಂದ ಎಲ್ಲ ಸಂಬಂಧದಲ್ಲೂ ಜಾತಕ ಕೂಡದೇ ಹೋಯಿತು. ಯಾರೂ ಕಾರಣ ಬಾಯಿಬಿಟ್ಟು ಹೇಳುವುದಿಲ್ಲವಲ್ಲ.

"ಸುಳ್ಳು ಅಂತ ನೀವೇ ಊರಾಗೆ ಹೇಳಬೇಕಿತ್ತು," ಅಂದೆ.

"ಹೇಳಿದೆ. ಪಾಪ, ಮುಚ್ಚಿಡಾಕೆ ನೋಡ್ತಾನೆ ಅಂದ್ರು."

ಪಾಪ ಅನ್ನಿಸಿತು. ಮರುಕ್ಷಣವೇ, ಇವನಿಗೆ ಸುಳ್ಳು ಇಷ್ಟು ಚೆನ್ನಾಗಿ ಕಟ್ಟಲು ಬರುತ್ತದಲ್ಲ ಅಂತಲೂ ಅನ್ನಿಸಿತು. ವಾಪಸ್ ಬರುವಾಗ ಸೀಟು ಸಿಕ್ಕಿತ್ತು, ಆದರೂ ನಿದ್ದೆ ಬರಲಿಲ್ಲ. ಹೆಡ್‌ಫೋನ್ ಹಾಕಿ ಆ ಎಂಟನೇ ಹಾಡನ್ನೇ ಕೇಳುತ್ತ ಬಂದೆ.

ಫೆಬ್ರವರಿ 25, ಮಂಗಳವಾರ

ಅಂಜುಮ್ ಮೇಡಂ ಕುರ್ಚಿ ಎಳೆದುಕೊಂಡು ಬಂದರು. ಬೈಸಿಕೊಳ್ಳಲು ತಯಾರಾದೆ. ಅವರು ನನ್ನ ಹೆಡ್‌ಫೋನ್ ಇಸಿದುಕೊಂಡು ಕಣ್ಣು ಮುಚ್ಚಿ ಕೇಳಿದರು. ಮತ್ತೊಂದು ಸಲ ಹಾಕಿಸಿದರು.

"ಕೋಳಿನೇ ಕಣೋ."

ಕ್ಯಾಸೆಟ್ಟಿನ ಫೋಟೋ, ಮೂರು ವೆಬ್‌ಸೈಟಿನ ಏಳು ಹಾಡು, ಎಲ್ಲ ತೋರಿಸಿದೆ. ಮೂರು ಅಲ್ಲ ಮೇಡಂ, ಇದು ಒಂದೇ ಅಂದೆ. ಅವರು ತಾವೇ ಮೌಸ್ ಹಿಡಿದು ಗಣಿಯ ವಾಕ್ಯಕ್ಕೆ 'ಗೊತ್ತಿಲ್ಲ' ಒತ್ತಿ ಎದ್ದುಹೋದರು.

ಫೆಬ್ರವರಿ 27, ಗುರುವಾರ

ಶಿವರಾತ್ರಿಗೆ ಊರಿಗೆ ಹೋಗಿದ್ದೆ. ಎರಡನ್ನೂ ಹೇಳಿದೆ. ರೋಗ ಇಲ್ಲ ಅನ್ನುವುದು ಒಂದು, ಇದೆ ಅಂತ ಹಬ್ಬಿಸಿದವನು ಅವನೇ ಅನ್ನುವುದು ಇನ್ನೊಂದು. ಮೊದಲನೆಯದು ಮಾತ್ರ ಹೇಳಿದ್ದರೆ ಸುಲಭವಾಗುತ್ತಿತ್ತು, ಅವ್ವ ಅವತ್ತೇ ಅಕ್ಕಪಕ್ಕದವರಿಗೆ ಬೆಲ್ಲ ಹಂಚುತ್ತಿದ್ದಳು. ಬಾಯಿಗೆ ಹಾಗೆ ಬರಲಿಲ್ಲ.

"ಸುಳ್ಳುಗಾರನಿಗೆ ಹೆಣ್ಣು ಕೊಡಲ್ಲ," ಅಂದಳು ಅವ್ವ. "ರೋಗ ಇದ್ದಿದ್ರೆ ಔಷಧಿ ಆದ್ರೂ ಇತ್ತು."

ಮಮತಾ ಹೊಲಿಗೆ ಯಂತ್ರ ನಿಲ್ಲಿಸಿದಳು. "ಅವ್ರೇ ಬಂದು ಹೇಳ್ಲಿ. ನಿನ್ನ ಬಾಯಿಂದ ಕೇಳಿದ್ದು ಸಾಕು ಅಣ್ಣ."

ಹುಡುಗ ಒಬ್ಬನೇ ಹೆಣ್ಣಿನ ಮನೆಗೆ ಬರುವ ಪದ್ಧತಿ ಇಲ್ಲ. ಆದರೂ ಫೋನ್ ಮಾಡಿದೆ. ಬರ್ತೀನಿ ಅಂದ. ಬರುತ್ತಾನೋ ಇಲ್ಲವೋ. ನನಗೆ ಸಾಕಾಗಿದೆ, ಆದರೆ ಭಾನುವಾರ ನಾನೂ ಊರಿನಲ್ಲಿರಬೇಕು.

ಮಾರ್ಚ್ 2, ಭಾನುವಾರ

ಬಿ.ದುರ್ಗದಿಂದಲೇ ಮಾತಾಡುತ್ತಿದ್ದೇನೆ, ಹಿತ್ತಲಲ್ಲಿ ಕೂತು. ಮೆಲ್ಲಗೆ ಮಾತಾಡಬೇಕು, ಅವ್ವನಿಗೆ ಈಗ ನಿದ್ದೆ ಹತ್ತಿದೆ.

ಜಯಕುಮಾರ್ ಬಂದ. ಬಿಸಿಲಲ್ಲಿ ಬೈಕಿನಲ್ಲಿ ಬಂದು ಮುಖ ಕೆಂಪಾಗಿತ್ತು. ಅವ್ವನ ಎದುರು ಚಾಪೆಯ ಅಂಚಿನಲ್ಲಿ ಕೂತು, ಮಾವನ ವಿಷಯದಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದ. ಒಂದು ಕಡೆ ತೊದಲಿದ, ಆದರೆ ಎಲ್ಲೂ ತನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಳ್ಳಲಿಲ್ಲ. ಎಲ್ಲ ಕೇಳಿಸಿಕೊಂಡ ಮೇಲೆ ಅವ್ವ ಬಾಯಿ ತೆರೆದಳು.

"ಇಲ್ಲದ ರೋಗ ಐತೆ ಅಂದೋನು, ನಾಳೆ ಇರೋದನ್ನ ಇಲ್ಲ ಅನ್ನಲ್ಲ ಅಂತ ಏನಪ್ಪ ಗ್ಯಾರಂಟಿ?"

"ಗ್ಯಾರಂಟಿ ಇಲ್ಲಮ್ಮ. ಡಾಕ್ಟ್ರ ಚೀಟಿ ತರ್ತೀನಿ ಅಂದ್ರೂ, ಅದನ್ನೂ ಬರೆಸ್ಕಂಡು ಬಂದಾನೆ ಅಂತೀರ. ನಂಗೆ ಬೇರೆ ದಾರಿ ಗೊತ್ತಿಲ್ಲ."

ಅವ್ವ ನನ್ನ ಕಡೆ ನೋಡಿದರೆ ಏನು ಹೇಳುವುದು ಅಂತ ನಾನು ನೆಲ ನೋಡುತ್ತಿದ್ದೆ. ಅಷ್ಟರಲ್ಲಿ ಮಮತಾ ಅಡುಗೆಮನೆ ಬಾಗಿಲಿಗೆ ಬಂದಳು.

"ಸುಪ್ರಿಯಾ ಈಗ ಎಲ್ಲಿದಾರೆ?"

"ಹೊಸದುರ್ಗದಾಗೆ. ಆಸ್ಪತ್ರೇಲಿ ನರ್ಸು."

"ಫೋನ್ ಹಚ್ಚಿ ಕೊಡ್ರಿ."

ಅವನು ನಂಬರ್ ಒತ್ತಿ ಫೋನ್ ಕೊಟ್ಟ. ಅವಳು ಅದನ್ನು ಹಿಡಿದು ಹಿತ್ತಲಿಗೆ ಹೋಗಿ ಬಾಗಿಲು ಎಳೆದುಕೊಂಡಳು. ನಾವು ಮೂವರೂ ಬಾಗಿಲನ್ನೇ ನೋಡುತ್ತ ಕೂತೆವು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಮಮತಾ ಏನೋ ಕೇಳುತ್ತಲೇ ಇದ್ದಳು, ಒಂದರ ಮೇಲೊಂದು. ಬಹಳ ಹೊತ್ತಿನ ಮೇಲೆ ಅವಳ ನಗು ಕೇಳಿಸಿತು. ಜಯಕುಮಾರ್ ಹಣೆ ಒರೆಸಿಕೊಂಡ.

ಒಳಗೆ ಬಂದವಳು ಫೋನ್ ಅವನ ಕೈಗಿಟ್ಟಳು. ಅವನ ಮುಖ ನೋಡಲಿಲ್ಲ, ಅವ್ವನಿಗೆ ಹೇಳಿದಳು.

"ಅವ್ವ, ಮುದ್ದೆಗೆ ಎಸರಿಡು. ಉಂಡು ಹೋಗ್ಲಿ."

ಮಾತುಕತೆ ಮುಗಿಯುವ ತನಕ ಗಂಡಿನ ಕಡೆಯವರಿಗೆ ಕಾಫಿ ಕೊಡುತ್ತೇವೆ, ಊಟಕ್ಕೆ ಕೂರಿಸುವುದಿಲ್ಲ. ಉಂಡರೆ ಒಪ್ಪಿದ ಹಾಗೆ. ಅದು ಅವಳಿಗೂ ಗೊತ್ತು, ಅವ್ವನಿಗೂ ಗೊತ್ತು, ಚಾಪೆಯ ಮೇಲೆ ಕೂತವನಿಗೂ ಗೊತ್ತು. ಅವ್ವ ಮಗಳನ್ನೇ ನೋಡಿದಳು, ಆಮೇಲೆ ಮಂಡಿಗೆ ಕೈ ಊರಿ ಎದ್ದಳು.

ತಟ್ಟೆಯ ಮುಂದೆ ಅವನು ತಲೆ ಎತ್ತಲಿಲ್ಲ. ಅವ್ವ ಮುದ್ದೆ ಇಟ್ಟು, ಹುರುಳಿಕಾಳು ಸಾರು ಬಿಟ್ಟಳು. ಅವನು ಮುರಿದು ಮುರಿದು ನುಂಗಿದ. ಬೆಳಗ್ಗೆಯಿಂದ ಏನೂ ತಿಂದಿಲ್ಲ ಅನ್ನುವುದು ನೋಡಿದರೇ ತಿಳಿಯುತ್ತಿತ್ತು. ಅವ್ವ ಎರಡನೇ ಮುದ್ದೆ ತಂದಾಗ ತಟ್ಟೆಗೆ ಕೈ ಅಡ್ಡ ಹಿಡಿದ.

"ಸಾಕಮ್ಮ, ಹೊಟ್ಟೆ ತುಂಬ್ತು."

"ಸುಳ್ಳು ಹೇಳಬ್ಯಾಡ," ಅಂದಳು ಅವ್ವ. ಅವನ ಕೈ ಸರಿಸಿ ಮುದ್ದೆ ಇಟ್ಟಳು.